ಉಬ್ಬಿದ ಕಾಲುನಾಳಕ್ಕೆ ನೊರೆಮದ್ದಿನ ಸೂಜಿ



ನಾವು ವೈದ್ಯರಲ್ಲ. ಮೆಟ್ರಿಕ್ ಮುಗಿಸಿ, ಗಿರಣಿಯ ಕಚೇರಿಯಲ್ಲಿ ಹಾಜರಿ ಪುಸ್ತಕವನ್ನೂ ಪಗಾರದ ಲೆಕ್ಕವನ್ನೂ ಬರೆಯುತ್ತ, ಸಂಜೆ ಈ ವಾಚನಾಲಯದ ಬಾಗಿಲು ತೆರೆದು ಪತ್ರಿಕೆಗಳನ್ನು ಜೋಡಿಸಿಡುವವರು. ಅಂಥವರು ವೈದ್ಯವಿಷಯವನ್ನು ಕುರಿತು ಬರೆಯಹೊರಟದ್ದೇಕೆ ಎಂಬುದನ್ನು ಮೊದಲು ಹೇಳಬೇಕು.

ಕಳೆದ ಮಳೆಗಾಲದಲ್ಲಿ ನಮ್ಮ ಗಿರಣಿಯ ನೂಲಿನ ಖಾತೆಯ ಹಿರಿಯರೊಬ್ಬರು ರಾತ್ರಿಪಾಳಿ ಮುಗಿಸಿ ಸ್ನಾನಕ್ಕೆ ಹೋಗಿದ್ದರು. ಕಾಲ ಗಿಣ್ಣಿನ ಬಳಿ ಬಹುಕಾಲದಿಂದ ಉಬ್ಬಿಕೊಂಡಿದ್ದ ನಾಳ ಒಡೆದು ರಕ್ತ ಸುರಿಯತೊಡಗಿತು. ನೋವು ಇಲ್ಲದ್ದರಿಂದ, ನೀರು ಕೆಂಪಾಗುವವರೆಗೆ ಅವರಿಗೆ ತಿಳಿಯಲೇ ಇಲ್ಲ. ಚಾಳಿನವರು ಓಡಿಬಂದು, ಅವರನ್ನು ಕುರ್ಚಿಯ ಮೇಲೆ ಕೂಡಿಸಿ, ತೊಡೆಗೆ ಟವೆಲ್ಲು ಬಿಗಿದು ಕಟ್ಟಿದರು. ರಕ್ತ ನಿಲ್ಲುವ ಬದಲು ಹೆಚ್ಚಾಯಿತು. ಅಷ್ಟರಲ್ಲಿ ಪಕ್ಕದ ಖೋಲಿಯಲ್ಲಿರುವ ದಾದಿಯೊಬ್ಬರು ಬಂದು, ಕಟ್ಟನ್ನು ಬಿಚ್ಚಿಸಿ, ಹಿರಿಯರನ್ನು ನೆಲದ ಮೇಲೆ ಮಲಗಿಸಿ, ಕಾಲನ್ನು ಎದೆಗಿಂತ ಮೇಲಕ್ಕೆತ್ತಿಸಿ, ಮಡಿಸಿದ ಶುಭ್ರವಾದ ಬಟ್ಟೆಯನ್ನು ಗಾಯದ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿದರು. ಹತ್ತು ನಿಮಿಷದೊಳಗೆ ರಕ್ತ ನಿಂತಿತು; ಜೀವ ಉಳಿಯಿತು.

ಈ ಹಿರಿಯರು ಅದಕ್ಕೆ ಎರಡು ವರ್ಷ ಮುಂಚೆ, ಮೊಬೈಲಿನಲ್ಲಿ ಕಂಡ ಜಾಹೀರಾತನ್ನು ನಂಬಿ, ಚೀಟಿ ಎತ್ತಿದ ಹಣವನ್ನೆಲ್ಲ ಕೊಟ್ಟು ಅದೇ ಕಾಲಿಗೆ “ನೊರೆಸೂಜಿ” ಹಾಕಿಸಿಕೊಂಡಿದ್ದರು. “ಒಂದೇ ಸೂಜಿ, ಅರ್ಧ ಗಂಟೆ, ಜನ್ಮಕ್ಕೆ ಮುಕ್ತಿ” ಎಂದು ಹೇಳಿದ್ದರಂತೆ. ಕಾಲನ್ನು ಸ್ಕ್ಯಾನ್ ಮಾಡಿ ನೋಡಿರಲಿಲ್ಲ. ಒಂದು ವರ್ಷದೊಳಗೆ ನಾಳ ಮತ್ತೆ ಎದ್ದಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಅವರು ವಾಚನಾಲಯದ ಬೆಂಚಿನ ಮೇಲೆ ಕುಳಿತು ನಮ್ಮನ್ನು ಕೇಳಿದರು: “ಕಾರಕೂನರ, ನೀವು ಓದಿದವ್ರು. ಸೂಜಿ ಅಂದ್ರ ಎಲ್ಲಾ ಒಂದ ಏನ್ರಿ? ನನಗ ಹಾಕಿದ್ದು ಸೂಜಿನೋ, ಬರೇ ನೀರೋ? ಒಂದೀಟು ಓದಿ ಹೇಳ್ರಲ್ಲ.”

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನಾವು ಓದಿ ತಿಳಿದುದನ್ನೂ, ವೈದ್ಯರ ಬಾಯಿಂದ ಕೇಳಿ ಸರಿಪಡಿಸಿಕೊಂಡುದನ್ನೂ ಇಲ್ಲಿ ಪಾಠದ ರೂಪದಲ್ಲಿ ಕೊಡುತ್ತಿದ್ದೇವೆ. ನಮ್ಮಲ್ಲಿ ಹೋಟೆಲಿನಲ್ಲಿ ಬಡಿಸುವವರು, ಪಹರೆಯವರು, ಅಂಗಡಿಯ ಗುಮಾಸ್ತರು, ಯಂತ್ರದ ಮುಂದೆ ಪಾಳಿ ಕಳೆಯುವವರು ಬಹಳ. ಎಲ್ಲರದೂ ನಿಂತು ದುಡಿಯುವ ಬಾಳು.

ರೋಗದ ಮೂಲ

ನಾವು ಸಾಮಾನ್ಯವಾಗಿ “ಕಾಲಿನ ನರ ಉಬ್ಬಿದೆ” ಎನ್ನುತ್ತೇವೆ. ಆದರೆ ಇದು ನರವಲ್ಲ. ನರವು ನೋವು ಮತ್ತು ಸ್ಪರ್ಶದ ಸುದ್ದಿಯನ್ನು ಒಯ್ಯುವ ತಂತಿ. ಉಬ್ಬುವುದು ರಕ್ತವನ್ನು ಹೃದಯಕ್ಕೆ ಹಿಂದಿರುಗಿಸುವ ಕೊಳವೆ, ಎಂದರೆ ಅಭಿಧಮನಿ. ವೈದ್ಯರು ಈ ರೋಗವನ್ನು ವೆರಿಕೋಸ್ ವೇನ್ಸ್ ಎಂದು ಕರೆಯುತ್ತಾರೆ.

ಪಾದಕ್ಕಿಳಿದ ರಕ್ತವು ಮೇಲಕ್ಕೆ ಏರಬೇಕಾದರೆ ಎರಡು ಸಹಾಯ ಬೇಕು. ಮೊದಲನೆಯದು ಮೀನಖಂಡದ ಮಾಂಸ. ನಡೆಯುವಾಗ ಅದು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಎರಡನೆಯದು ನಾಳದೊಳಗಿನ ಕವಾಟಗಳು. ಇವು ಮೇಲಕ್ಕೆ ಮಾತ್ರ ತೆರೆಯುವ ಪುಟ್ಟ ಬಾಗಿಲುಗಳು. ಒಂದು ಬಾಗಿಲು ಕೆಟ್ಟರೆ ಮೇಲಿನ ರಕ್ತ ಕೆಳಕ್ಕೆ ಸೋರಿ ಮುಂದಿನ ಬಾಗಿಲಿನ ಮೇಲೆ ಭಾರ ಹಾಕುತ್ತದೆ. ಕ್ರಮೇಣ ಅದೂ ಕೆಡುತ್ತದೆ. ಹೀಗೆ ಭಾರ ತಾಳದ ನಾಳ ಹಿಗ್ಗಿ, ಹಾವಿನಂತೆ ಸುತ್ತಿಕೊಂಡು ಚರ್ಮದಡಿಯಲ್ಲಿ ಎದ್ದು ಕಾಣುತ್ತದೆ.

ಇಲ್ಲಿ ಒಂದು ಮಾತನ್ನು ಮನಸ್ಸಿನಲ್ಲಿಡಬೇಕು. ಕಣ್ಣಿಗೆ ಕಾಣುವ ಉಬ್ಬು ಮೀನಖಂಡದಲ್ಲಿದ್ದರೂ, ಕೆಟ್ಟ ಬಾಗಿಲು ಬಹಳ ಸಲ ತೊಡೆಸಂದಿನಲ್ಲೋ ಮೊಣಕಾಲಿನ ಹಿಂಬದಿಯಲ್ಲೋ ಇರುತ್ತದೆ. ಗಿಣ್ಣಿನಿಂದ ತೊಡೆಸಂದಿನವರೆಗೆ ಕಾಲಿನ ಒಳಬದಿಯಲ್ಲಿ ಏರುವ ದೊಡ್ಡ ನಾಳವೊಂದಿದೆ. ಹೆಚ್ಚಿನವರಲ್ಲಿ ಕೆಡುವುದು ಇದೇ. ಮೇಲಿನ ಮನೆಯ ಕೊಳಾಯಿ ಸೋರುತ್ತಿರುವಾಗ ಕೆಳಮನೆಯ ಗೋಡೆಗೆ ಸುಣ್ಣ ಬಳಿದರೆ ಏನು ಫಲ? ನಮ್ಮ ಹಿರಿಯರ ಕಾಲಿಗೆ ಆದದ್ದು ಇದೇ.

ಕಾಲಿನ ಭಾರ, ಸಂಜೆಯ ಬಾವು, ರಾತ್ರಿಯ ಸೆಳೆತ, ತುರಿಕೆ ಇವು ಮೊದಲ ಚಿಹ್ನೆಗಳು. ಅಲಕ್ಷಿಸಿದರೆ ಕೆಲವರಲ್ಲಿ ಗಿಣ್ಣಿನ ಸುತ್ತ ಚರ್ಮ ಕಂದಾಗಿ, ಗಟ್ಟಿಯಾಗಿ, ಕೊನೆಗೆ ವಾಸಿಯಾಗದ ಹುಣ್ಣಾಗುತ್ತದೆ. ವಂಶದ ಗುಣ, ವಯಸ್ಸು, ಸ್ಥೂಲಕಾಯ, ಹೆಂಗಸರಲ್ಲಿ ಬಸಿರು ಇವೆಲ್ಲ ಕಾರಣಗಳು. ಬಹುಹೊತ್ತು ಒಂದೇ ಕಡೆ ನಿಲ್ಲುವುದು ರೋಗವನ್ನು ಹೆಚ್ಚಿಸುತ್ತದೆ.

ನೊರೆಯ ಕಥೆ

ನಾಳದೊಳಕ್ಕೆ ಮದ್ದು ಚುಚ್ಚಿ ಅದನ್ನು ಮುಚ್ಚಿಸುವ ಪದ್ಧತಿ ಹಳೆಯದು. ಈ ಮದ್ದುಗಳು ಒಂದು ಬಗೆಯ ಸಾಬೂನಿನಂಥವು. ನಾಳದ ಒಳಪದರಕ್ಕೆ ತಾಗಿದೊಡನೆ ಅದನ್ನು ಕೆಡಿಸುತ್ತವೆ. ನಾಳ ಸೆಟೆದು, ಗೋಡೆಗಳು ಅಂಟಿಕೊಂಡು, ತಿಂಗಳುಗಳಲ್ಲಿ ನಾರಿನ ಎಳೆಯಂತಾಗಿ ಕರಗಿಹೋಗುತ್ತದೆ. ಆ ದಾರಿ ಮುಚ್ಚಿದರೆ ರಕ್ತಕ್ಕೆ ತೊಂದರೆಯಿಲ್ಲವೇ ಎಂದು ಕೇಳಬಹುದು. ತೊಂದರೆಯಿಲ್ಲ. ಕಾಲಿನ ರಕ್ತದ ಬಹುಭಾಗ ಏರುವುದು ಮಾಂಸದೊಳಗಿನ ಆಳದ ನಾಳಗಳ ಮೂಲಕ. ಅವು ಸರಿಯಾಗಿವೆಯೆಂದು ಮೊದಲೇ ನೋಡಿಕೊಂಡಿರಬೇಕು, ಅಷ್ಟೆ.

ದ್ರವರೂಪದ ಮದ್ದಿಗೆ ಒಂದು ಕೊರತೆಯಿತ್ತು. ದೊಡ್ಡ ನಾಳದಲ್ಲಿ ಅದು ರಕ್ತದೊಡನೆ ಬೆರೆತು ತೆಳುವಾಗಿ ಸತ್ವ ಕಳೆದುಕೊಳ್ಳುತ್ತಿತ್ತು. ಅದೇ ಮದ್ದನ್ನು ನೊರೆಯಾಗಿಸಿದರೆ ನೊರೆಯು ರಕ್ತವನ್ನು ಪಕ್ಕಕ್ಕೆ ತಳ್ಳಿ ತಾನೇ ನಾಳವನ್ನು ತುಂಬಿಕೊಳ್ಳುತ್ತದೆ. ಸ್ವಲ್ಪ ಮದ್ದು ಹೆಚ್ಚು ಜಾಗಕ್ಕೆ ತಾಗುತ್ತದೆ. ಅಲ್ಲದೆ ನೊರೆ ಸ್ಕ್ಯಾನ್ ಯಂತ್ರದಲ್ಲಿ ಬೆಳ್ಳಗೆ ಕಾಣುವುದರಿಂದ ಅದು ಎಲ್ಲಿಗೆ ಹೋಯಿತೆಂಬುದನ್ನು ವೈದ್ಯರು ಕಣ್ಣಾರೆ ನೋಡಬಹುದು. 1944ರಲ್ಲಿ ಓರ್‌ಬಾಕ್ ಎಂಬ ವೈದ್ಯರು ಮದ್ದಿಗೆ ಮುಂಚೆ ಸ್ವಲ್ಪ ಗಾಳಿ ಬಿಟ್ಟು ರಕ್ತವನ್ನು ಸರಿಸುವ ಉಪಾಯ ಹೇಳಿದ್ದರು. 1995ರಲ್ಲಿ ಸ್ಪೇನ್ ದೇಶದ ಹುವಾನ್ ಕಾಬ್ರೇರಾ ಅವರು ಸಣ್ಣ ಗುಳ್ಳೆಗಳ ನೊರೆಯ ಬಗ್ಗೆ ಬರೆದರು. 2000ದಲ್ಲಿ ಇಟಲಿಯ ಲೊರೆಂಜೊ ತೆಸ್ಸಾರಿ ಅವರು ಯಾವ ಆಸ್ಪತ್ರೆಯಲ್ಲಾದರೂ ಮಾಡಬಹುದಾದ ಸುಲಭ ಕ್ರಮವನ್ನು ತೋರಿಸಿದರು. ಅಲ್ಲಿಂದ ಈ ಚಿಕಿತ್ಸೆ ಲೋಕವೆಲ್ಲ ಹರಡಿತು.

ನೊರೆ ನೊರೆಗೂ ಭೇದ

“ಸೂಜಿ ಅಂದ್ರ ಎಲ್ಲಾ ಒಂದ ಏನ್ರಿ” ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ. ಭೇದವು ಮೂರು ಕಡೆ ಇದೆ: ಮದ್ದಿನಲ್ಲಿ, ಗಾಳಿಯಲ್ಲಿ, ಹಾಕುವ ರೀತಿಯಲ್ಲಿ.

ಮದ್ದುಗಳಲ್ಲಿ ಮುಖ್ಯವಾದುವು ಎರಡು: ಪಾಲಿಡೊಕನಾಲ್ ಮತ್ತು ಸೋಡಿಯಂ ಟೆಟ್ರಾಡೆಸೈಲ್ ಸಲ್ಫೇಟ್. ಪಾಲಿಡೊಕನಾಲ್ ಮೊದಲು ಜಾಗವನ್ನು ಮರಗಟ್ಟಿಸುವ ಔಷಧವಾಗಿ ಹುಟ್ಟಿದ್ದರಿಂದ ಚುಚ್ಚುವಾಗ ಉರಿ ಕಡಿಮೆ. ಎರಡನೆಯದು ಅದೇ ಪ್ರಮಾಣದಲ್ಲಿ ಹೆಚ್ಚು ತೀಕ್ಷ್ಣ. ನಾಳ ಎಷ್ಟು ದಪ್ಪವೋ ಅಷ್ಟಕ್ಕೆ ತಕ್ಕ ತೀಕ್ಷ್ಣತೆಯನ್ನು ವೈದ್ಯರು ಆರಿಸುತ್ತಾರೆ. ಜೇಡರ ಬಲೆಯಂಥ ಸಣ್ಣ ಕೆಂಪು ಎಳೆಗಳಿಗೆ ದ್ರವವೇ ಸಾಕು. ಅವುಗಳಿಗೆ ತೀಕ್ಷ್ಣವಾದ ನೊರೆ ಹಾಕಿದರೆ ಕಲೆ ಉಳಿಯಬಹುದು.

ಗಾಳಿಯ ಭೇದವನ್ನು ಜನ ಕೇಳುವುದೇ ಇಲ್ಲ. ತೆಸ್ಸಾರಿ ಕ್ರಮದಲ್ಲಿ ಎರಡು ಸಿರಿಂಜುಗಳನ್ನು ಮೂರು ಬಾಯಿಯ ನಲ್ಲಿಯಿಂದ ಜೋಡಿಸಿ, ಒಂದು ಪಾಲು ಮದ್ದಿಗೆ ನಾಲ್ಕು ಪಾಲು ಗಾಳಿ ಸೇರಿಸಿ, ಸುಮಾರು ಇಪ್ಪತ್ತು ಸಲ ಆ ಕಡೆಯಿಂದ ಈ ಕಡೆಗೆ ತಳ್ಳುತ್ತಾರೆ. ಹಾಲಿನಂಥ ಬಿಳಿ ನೊರೆ ಬರುತ್ತದೆ. ಕೆಲವೇ ನಿಮಿಷಗಳಲ್ಲಿ ಅದು ಒಡೆದು ನೀರಾಗುವುದರಿಂದ ಮಾಡಿದ ಕೂಡಲೇ ಹಾಕಬೇಕು. ಖರ್ಚು ಕಡಿಮೆ, ಸಲಕರಣೆ ಸರಳ. ಆದರೆ ಕೋಣೆಯ ಗಾಳಿಯ ಬಹುಭಾಗ ಸಾರಜನಕ. ಅದು ರಕ್ತದಲ್ಲಿ ಬೇಗ ಕರಗುವುದಿಲ್ಲ. ಇಂಗಾಲದ ಡೈ ಆಕ್ಸೈಡ್ ಬೇಗ ಕರಗುತ್ತದೆ. ಆದಕಾರಣ ಕೆಲವು ವೈದ್ಯರು ಗಾಳಿಗೆ ಬದಲಾಗಿ ಇಂಗಾಲದ ಡೈ ಆಕ್ಸೈಡನ್ನೋ, ಅದನ್ನೂ ಆಮ್ಲಜನಕವನ್ನೂ ಕೂಡಿಸಿಯೋ ಬಳಸುತ್ತಾರೆ. ಮೂರನೆಯ ಬಗೆಯೆಂದರೆ ಕಾರ್ಖಾನೆಯಿಂದಲೇ ಡಬ್ಬಿಯಲ್ಲಿ ಬರುವ ನೊರೆ. 2013ರ ನವೆಂಬರಿನಲ್ಲಿ ಅಮೆರಿಕದ ಔಷಧ ಇಲಾಖೆ ಒಪ್ಪಿದ ಇಂಥ ನೊರೆಯಲ್ಲಿ ನೂರಕ್ಕೆ 1ರ ಪಾಲಿಡೊಕನಾಲ್ ಇದ್ದು, ಅನಿಲದಲ್ಲಿ 65 ಪಾಲು ಆಮ್ಲಜನಕ, 35 ಪಾಲು ಇಂಗಾಲದ ಡೈ ಆಕ್ಸೈಡ್ ಇರುತ್ತದೆ. ಗುಳ್ಳೆಗಳು ಸಣ್ಣವು, ಒಂದೇ ಸಮನಾದವು. ಬೆಲೆ ಮಾತ್ರ ಕೈಯಿಂದ ಮಾಡಿದ ನೊರೆಗಿಂತ ಬಹಳ ಹೆಚ್ಚು.

ಹಾಕುವ ರೀತಿಯ ಭೇದವೇ ಎಲ್ಲಕ್ಕಿಂತ ದೊಡ್ಡದು. ಕಣ್ಣಿಗೆ ಕಂಡ ಉಬ್ಬಿಗೆ ಚುಚ್ಚುವುದು ಒಂದು. ಸ್ಕ್ಯಾನ್ ಪರದೆಯನ್ನು ನೋಡುತ್ತ, ಮೂಲದಲ್ಲಿ ಸೋರುವ ದೊಡ್ಡ ನಾಳಕ್ಕೆ ನೊರೆ ಸೇರಿಸುವುದು ಇನ್ನೊಂದು. ಒಂದು ಸಲಕ್ಕೆ 10 ಮಿಲಿಲೀಟರಿಗಿಂತ ಹೆಚ್ಚು ನೊರೆ ಬೇಡವೆಂದು ಯೂರೋಪಿನ ತಜ್ಞರು ಸಲಹೆ ಮಾಡಿದ್ದಾರೆ. ಆದುದರಿಂದ ದೊಡ್ಡ ರೋಗಕ್ಕೆ ಎರಡು ಮೂರು ಸಲ ಹೋಗಬೇಕಾಗುವುದು ಸಹಜ. “ಒಂದೇ ಸೂಜಿ” ಎಂಬ ಮಾತು ಕೇಳಿದಾಗಲೇ ಎಚ್ಚರವಾಗಬೇಕು.

ಜಮಾ-ಖರ್ಚಿನ ಪುಟ

ಈಗ ನೊರೆಯನ್ನು ಬೇರೆ ಚಿಕಿತ್ಸೆಗಳೊಡನೆ ತೂಗಿ ನೋಡೋಣ. ನಾಳದೊಳಕ್ಕೆ ಎಳೆ ತೂರಿಸಿ ಶಾಖದಿಂದ ಮುಚ್ಚುವ ಕ್ರಮಗಳು ಎರಡು: ಲೇಸರ್ ಮತ್ತು ರೇಡಿಯೋ ತರಂಗ. ಹಳೆಯ ಕ್ರಮವೆಂದರೆ ತೊಡೆಸಂದಿನಲ್ಲಿ ಕೊಯ್ದು, ಕಟ್ಟಿ, ನಾಳವನ್ನು ಎಳೆದು ತೆಗೆಯುವ ಶಸ್ತ್ರಕ್ರಿಯೆ.

ಡೆನ್ಮಾರ್ಕಿನಲ್ಲಿ 500 ಜನರ 580 ಕಾಲುಗಳಿಗೆ ಈ ನಾಲ್ಕನ್ನೂ ಹಂಚಿ ಮಾಡಿ, 2011ರಲ್ಲಿ ಫಲವನ್ನು ಪ್ರಕಟಿಸಿದರು. ಒಂದು ವರ್ಷದ ಮೇಲೆ ನೋಡಿದಾಗ ದೊಡ್ಡ ನಾಳ ಮತ್ತೆ ತೆರೆದು ಸೋರುತ್ತಿದ್ದುದು ನೊರೆಯಲ್ಲಿ ನೂರಕ್ಕೆ ಸುಮಾರು 16, ಲೇಸರಿನಲ್ಲಿ ಸುಮಾರು 6, ರೇಡಿಯೋ ತರಂಗದಲ್ಲಿಯೂ ಶಸ್ತ್ರಕ್ರಿಯೆಯಲ್ಲಿಯೂ ಸುಮಾರು 5. ಇದು ಖರ್ಚಿನ ಬದಿ. ಜಮೆಯ ಬದಿಯಲ್ಲಿ ನೋವನ್ನು ಹತ್ತರ ಅಳತೆಯಲ್ಲಿ ಬರೆದಿದ್ದಾರೆ: ರೇಡಿಯೋ ತರಂಗ 1.21, ನೊರೆ 1.60, ಶಸ್ತ್ರಕ್ರಿಯೆ 2.25, ಲೇಸರ್ 2.58. ನಮಗೆ ಮುಖ್ಯವಾದ ರಜೆಯ ಲೆಕ್ಕ ಹೀಗಿದೆ: ನೊರೆಯವರೂ ರೇಡಿಯೋ ತರಂಗದವರೂ 2.9 ದಿನ, ಲೇಸರಿನವರು 3.6, ಶಸ್ತ್ರಕ್ರಿಯೆಯವರು 4.3. ಇವು ನಡುಲೆಕ್ಕದ ಅಂಕಿಗಳು. ಕೆಲವರಿಗೆ ತಿಂಗಳು ಹಿಡಿದದ್ದೂ ಉಂಟು. ನೊರೆ ಪಡೆದವರಲ್ಲಿ ಒಬ್ಬರಿಗೆ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಯಿತು. ಶಸ್ತ್ರಕ್ರಿಯೆಯವರಲ್ಲಿ ಒಬ್ಬರಿಗೆ ಕಾಲಿನ ಆಳದ ನಾಳದಲ್ಲಿ ಹೆಪ್ಪುಗಟ್ಟಿತು. ಅಪರೂಪ, ಆದರೆ ಇಲ್ಲವೆಂದಲ್ಲ.

ಬ್ರಿಟನ್ನಿನಲ್ಲಿ 798 ಜನರ ಮೇಲೆ ನೊರೆ, ಲೇಸರ್, ಶಸ್ತ್ರಕ್ರಿಯೆ ಈ ಮೂರನ್ನು ಹೋಲಿಸಿ 2014ರಲ್ಲಿ ಒಮ್ಮೆ, ಐದು ವರ್ಷದ ಫಲವನ್ನು 2019ರಲ್ಲಿ ಇನ್ನೊಮ್ಮೆ ಪ್ರಕಟಿಸಿದರು. ಐದು ವರ್ಷದ ಮೇಲೆ ಕಾಲಿನ ಸುಖದ ವಿಷಯದಲ್ಲಿ ಲೇಸರ್ ಮತ್ತು ಶಸ್ತ್ರಕ್ರಿಯೆ ಪಡೆದವರು ನೊರೆಯವರಿಗಿಂತ ಮುಂದಿದ್ದರು. 2013ರಲ್ಲಿ ಆ ದೇಶದ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಕ್ರಮವೂ ಇದಕ್ಕೆ ಹೊಂದುತ್ತದೆ: ಮೊದಲು ಶಾಖ, ಅದು ಹೊಂದದಿದ್ದರೆ ನೊರೆ, ಅದೂ ಹೊಂದದಿದ್ದರೆ ಶಸ್ತ್ರಕ್ರಿಯೆ.

ಹಾಗಾದರೆ ನೊರೆ ಕೀಳೆಂದು ತಿಳಿಯಬಹುದೇ? ಕೂಡದು. ಶಾಖದ ಎಳೆ ನೇರ ನಾಳದಲ್ಲಿ ಮಾತ್ರ ತೂರುತ್ತದೆ. ಸುತ್ತಿಕೊಂಡ ನಾಳದಲ್ಲಿ ನೊರೆ ತಾನೇ ದಾರಿ ಮಾಡಿಕೊಳ್ಳುತ್ತದೆ. ಹಿಂದೆ ಶಸ್ತ್ರಕ್ರಿಯೆಯಾಗಿ ಮತ್ತೆ ಬಂದ ರೋಗಕ್ಕೆ, ಅರಿವಳಿಕೆಯನ್ನು ತಾಳಲಾರದ ವೃದ್ಧರಿಗೆ, ಹುಣ್ಣಿನ ಕೆಳಗೆ ಅಡಗಿದ ನಾಳಗಳಿಗೆ ನೊರೆ ಬಹಳ ಉಪಯೋಗಿ. ತುಂಬ ಹಿಗ್ಗಿದ ದಪ್ಪ ನಾಳದಲ್ಲಿ ಅದು ಸೋಲುವುದು ಹೆಚ್ಚು. ನಾಳಕ್ಕೆ ತಕ್ಕ ಚಿಕಿತ್ಸೆಯೇ ಹೊರತು ಜಾಹೀರಾತಿಗೆ ತಕ್ಕದ್ದಲ್ಲ.

ಹುಣ್ಣಾದವರು ತಡಮಾಡಲೇಬಾರದು. ಬ್ರಿಟನ್ನಿನಲ್ಲಿ ಇಂಥ 450 ಜನರನ್ನು ನೋಡಿ 2018ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಪಟ್ಟಿ ಕಟ್ಟುವುದರ ಜೊತೆಗೆ ಕೆಟ್ಟ ನಾಳವನ್ನೂ ಬೇಗ ಮುಚ್ಚಿದವರ ಹುಣ್ಣು ನಡುಲೆಕ್ಕದಲ್ಲಿ 56 ದಿನಕ್ಕೆ ಮಾಯಿತು. ತಡಮಾಡಿದವರದು 82 ದಿನಕ್ಕೆ.

ಸೂಜಿಗೆ ಮುಂಚೆ ಕೇಳಬೇಕಾದುದು

ಬಂಧುಗಳು ಈ ನಾಲ್ಕು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಬೇಕು. ಕೇಳಲು ಸಂಕೋಚ ಬೇಡ. ಒಳ್ಳೆಯ ವೈದ್ಯರು ಸಂತೋಷದಿಂದಲೇ ಹೇಳುತ್ತಾರೆ.

1. ನನ್ನನ್ನು ನಿಲ್ಲಿಸಿ ಡಾಪ್ಲರ್ ಸ್ಕ್ಯಾನ್ ಮಾಡಿದ್ದೀರಾ? ಸೋರುವುದು ಯಾವ ನಾಳ? ಆಳದ ನಾಳಗಳು ಸರಿಯಾಗಿವೆಯೇ?

2. ನನಗೆ ಶಾಖದ ಚಿಕಿತ್ಸೆ ಹೊಂದುವುದೇ, ನೊರೆಯೇ? ಕಾರಣವೇನು?

3. ಯಾವ ಮದ್ದು, ಯಾವ ಗಾಳಿ? ಸ್ಕ್ಯಾನ್ ನೋಡುತ್ತಲೇ ಹಾಕುವಿರಾ?

4. ಎಷ್ಟು ಸಲ ಬರಬೇಕು? ಎರಡನೆಯ ಸಲದ ಹಣ, ಕಾಲುಚೀಲದ ಹಣ, ಮತ್ತೆ ನೋಡುವ ಸ್ಕ್ಯಾನಿನ ಹಣ ಎಲ್ಲ ಸೇರಿ ಎಷ್ಟು?

ನಾವಾಗಿ ಹೇಳಬೇಕಾದುವೂ ಕೆಲವಿವೆ. ಹಿಂದೆ ಎಂದಾದರೂ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ಔಷಧಗಳು ಒಗ್ಗದಿದ್ದರೆ, ಹೃದಯದಲ್ಲಿ ರಂಧ್ರವಿದೆಯೆಂದು ಯಾರಾದರೂ ಹೇಳಿದ್ದರೆ, ಕಣ್ಣು ಮಿಂಚಿ ಅರೆತಲೆನೋವು ಬರುತ್ತಿದ್ದರೆ, ಹೆಂಗಸರು ಬಸಿರಾಗಿದ್ದರೆ ಅಥವಾ ಮೊಲೆಯೂಡಿಸುತ್ತಿದ್ದರೆ ಬಚ್ಚಿಡದೆ ಹೇಳಬೇಕು. ಬೀಡಿ ಸೇದುವವರೂ ಸಕ್ಕರೆ ಕಾಯಿಲೆಯವರೂ ಪಾದದ ನಾಡಿಯನ್ನು ನೋಡಿಸಿಕೊಳ್ಳದೆ ಬಿಗಿ ಕಾಲುಚೀಲ ಹಾಕಬಾರದು. ಅಪಧಮನಿ ಸಣ್ಣಗಾಗಿದ್ದರೆ ಬಿಗಿತದಿಂದ ಪಾದಕ್ಕೇ ಅಪಾಯ.

ಇ.ಎಸ್.ಐ. ಕಾರ್ಡು ಇದ್ದವರು ಹಣ ತೆಗೆಯುವ ಮೊದಲು ತಮ್ಮ ಔಷಧಾಲಯಕ್ಕೆ ಹೋಗಿ ದೊಡ್ಡ ಆಸ್ಪತ್ರೆಗೆ ಚೀಟಿ ಕೇಳಬೇಕು. ವಂತಿಗೆಯ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಬಿದ್ದಿದ್ದರೆ, ವೈದ್ಯರ ಪ್ರಮಾಣಪತ್ರದ ಮೇಲೆ ಕೂಲಿಯ ನೂರಕ್ಕೆ 70ರಂತೆ ವರ್ಷಕ್ಕೆ 91 ದಿನದವರೆಗೆ ಕಾಯಿಲೆಯ ಭತ್ಯೆ ದೊರೆಯುತ್ತದೆ. ಹಾಜರಿ ಪುಸ್ತಕ ಬರೆಯುವ ನಾವು ಈ ಹಕ್ಕನ್ನು ಕೇಳದೆ ಬಿಟ್ಟವರನ್ನು ಬಹಳ ಕಂಡಿದ್ದೇವೆ.

ಸೂಜಿಯಾದ ಮೇಲೆ

ಎದ್ದ ಕೂಡಲೇ ನಡೆಯಬೇಕು, ಮಲಗಿಯೇ ಇರಬಾರದು. ವೈದ್ಯರು ಹೇಳಿದಷ್ಟು ದಿನ ಪಟ್ಟಿ ಅಥವಾ ಕಾಲುಚೀಲ ಇರಲಿ. ಮರುದಿನವೇ ರಾತ್ರಿ ಬಸ್ಸು ಹತ್ತಿ ಊರಿಗೆ ಹೊರಡುವುದು ಬೇಡ. ಹತ್ತು ಹನ್ನೆರಡು ಗಂಟೆ ಕಾಲು ಮಡಿಸಿ ಕುಳಿತರೆ ರಕ್ತ ಹೆಪ್ಪುಗಟ್ಟುವ ಭಯವಿದೆ. ನಾಳದ ಜಾಡಿನಲ್ಲಿ ಗಂಟು, ಮುಟ್ಟಿದರೆ ನೋವು, ಕಂದುಬಣ್ಣದ ಕಲೆ ಇವು ಸಾಮಾನ್ಯ. ಕಲೆ ಮಾಸಲು ತಿಂಗಳುಗಳು ಬೇಕು. ಕೆಲವರಲ್ಲಿ ಉಳಿಯುವುದೂ ಉಂಟು. ಕೆಲವರಿಗೆ ಸ್ವಲ್ಪ ಹೊತ್ತು ಕಣ್ಣು ಮಂಜಾಗಿ ಸರಿಹೋಗುತ್ತದೆ. ಅದನ್ನು ವೈದ್ಯರಿಗೆ ತಿಳಿಸಬೇಕು. ಆದರೆ ಮೀನಖಂಡವೆಲ್ಲ ಬಾತು ನೋಯುವುದು, ಉಸಿರು ಕಟ್ಟುವುದು, ಎದೆನೋವು, ಮಾತು ತೊದಲುವುದು, ಕೈಕಾಲು ಸೋಲುವುದು ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆ ಸೇರಬೇಕು.

ಸೂಜಿ ಬೇಕಾಗದವರೂ ಇಷ್ಟನ್ನು ಮಾಡಬಹುದು. ನಿಂತಲ್ಲೇ ಗಂಟೆಗೊಮ್ಮೆ ಹಿಮ್ಮಡಿಯನ್ನು ಇಪ್ಪತ್ತು ಸಲ ಎತ್ತಿ ಇಳಿಸುವುದು. ಬಿಡುವಿನಲ್ಲಿ ನಾಲ್ಕು ಹೆಜ್ಜೆ ನಡೆಯುವುದು. ಮನೆಗೆ ಬಂದು ಕಾಲನ್ನು ಎದೆಗಿಂತ ಎತ್ತರಕ್ಕೆ ಇಟ್ಟು ಸ್ವಲ್ಪ ಹೊತ್ತು ಮಲಗುವುದು. ಇವು ಕೆಟ್ಟ ಬಾಗಿಲನ್ನು ಸರಿಪಡಿಸವು. ಭಾರವನ್ನು ಮಾತ್ರ ಇಳಿಸುತ್ತವೆ.

ಹಿರಿಯರ ಕಾಲನ್ನು ಆಮೇಲೆ ನಿಲ್ಲಿಸಿ ಸ್ಕ್ಯಾನ್ ಮಾಡಿದಾಗ ಸೋರಿಕೆ ತೊಡೆಸಂದಿನಲ್ಲಿದೆಯೆಂದು ತಿಳಿಯಿತು. ಆ ದೊಡ್ಡ ನಾಳವನ್ನು ಶಾಖದಿಂದ ಮುಚ್ಚಿ, ಗಿಣ್ಣಿನ ಸುತ್ತಲಿನ ಸುರುಳಿಗಳಿಗೆ ನೊರೆ ಹಾಕಿದರು. ಮೊದಲ ಸಲ ಅವರಿಗೆ ಹಾಕಿದ್ದು ನೀರೇನೂ ಅಲ್ಲ. ಒಳ್ಳೆಯ ಮದ್ದನ್ನೇ ತಪ್ಪು ಜಾಗಕ್ಕೆ ಹಾಕಿದ್ದರು. ಅವರೀಗ ಪಾಳಿಗೆ ಬರುತ್ತಿದ್ದಾರೆ. ಹೋದ ಚೀಟಿಯ ಹಣ ಮಾತ್ರ ಹೋದಂತೆಯೇ.

ಕೊನೆಯಲ್ಲಿ ಒಂದು ಬಿನ್ನಹ. ಈ ಪುಟದ ಬೇರೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ: ಉಬ್ಬಿದ ನಾಳ ಒಡೆದರೆ ಕೂಡಿಸಬೇಡಿ, ನಿಲ್ಲಿಸಬೇಡಿ, ತೊಡೆಗೆ ಕಟ್ಟಬೇಡಿ. ಮಲಗಿಸಿ, ಕಾಲೆತ್ತಿ, ಒತ್ತಿ ಹಿಡಿಯಿರಿ, ಆಸ್ಪತ್ರೆಗೆ ಒಯ್ಯಿರಿ. ಓದಬಲ್ಲವರು ತಮ್ಮ ಖೋಲಿಯಲ್ಲಿ ಓದಲಾರದವರಿಗೆ ಇದನ್ನು ಓದಿ ಹೇಳಿದರೆ ನಮ್ಮ ಶ್ರಮ ಸಾರ್ಥಕವಾಯಿತೆಂದು ತಿಳಿಯುತ್ತೇವೆ.